ಐನ್‌ಸ್ಟೈನ್ ರೂಪಿಸಿದ ಫ್ರಿಜ್

ಮಕ್ಕಳೇ, ಆಲ್ಬರ್ಟ್ ಐನ್‌ಸ್ಟೈನ್ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾವ ಚಿತ್ರ ಬರುತ್ತದೆ? ಕೆದರಿದ ಬಿಳಿ ಕೂದಲು, ದಪ್ಪ ಮೀಸೆ, ಕಪ್ಪುಹಲಗೆಯ ತುಂಬ ಸಮೀಕರಣಗಳು, ಅಲ್ಲವೇ? ಈ ಮಹಾನ್ ವಿಜ್ಞಾನಿ ಹಲವು ವರ್ಷ ಮನೆಬಳಕೆಯ ಫ್ರಿಜ್‌ಗಾಗಿಯೂ ದುಡಿದಿದ್ದರು ಎಂಬುದು ನಿಮಗೆ ಗೊತ್ತೇ? ಬನ್ನಿ, ಆ ಕಥೆ ತಿಳಿಯೋಣ.

ದಿಕ್ಸೂಚಿಯ ಬೆರಗು

ಐನ್‌ಸ್ಟೈನ್ ಹುಟ್ಟಿದ್ದು 1879ರ ಮಾರ್ಚ್ 14ರಂದು, ಜರ್ಮನಿಯ ಉಲ್ಮ್ ಎಂಬ ಊರಿನಲ್ಲಿ. ಅವರ ತಂದೆ ಮತ್ತು ಚಿಕ್ಕಪ್ಪ ಸೇರಿ ಮ್ಯೂನಿಕ್ ನಗರದಲ್ಲಿ ವಿದ್ಯುತ್ ಉಪಕರಣಗಳ ಕಾರ್ಖಾನೆ ನಡೆಸುತ್ತಿದ್ದರು. ಬಾಲಕ ಆಲ್ಬರ್ಟ್‌ಗೆ ನಾಲ್ಕೈದು ವರ್ಷವಿದ್ದಾಗ ತಂದೆ ಒಂದು ದಿಕ್ಸೂಚಿ ತೋರಿಸಿದರು. ಯಾರೂ ಮುಟ್ಟದಿದ್ದರೂ ಅದರ ಮುಳ್ಳು ತಿರುಗಿ ಒಂದೇ ದಿಕ್ಕಿಗೆ ನಿಲ್ಲುತ್ತಿತ್ತು. ಕಣ್ಣಿಗೆ ಕಾಣದ ಬಲವೊಂದು ವಸ್ತುವನ್ನು ಚಲಿಸುವಂತೆ ಮಾಡಬಲ್ಲದು ಎಂಬ ಬೆರಗು ಅವರ ಮನಸ್ಸಿನಲ್ಲಿ ಜೀವನವಿಡೀ ಉಳಿಯಿತು.

1902ರಿಂದ 1909ರವರೆಗೆ ಅವರು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ನೌಕರಿ ಮಾಡಿದರು. ಹೊಸ ಯಂತ್ರಗಳ ನಕ್ಷೆಗಳನ್ನು ಓದಿ, ಅವುಗಳಲ್ಲಿ ನಿಜಕ್ಕೂ ಹೊಸತೇನಿದೆ ಎಂದು ಪರೀಕ್ಷಿಸುವುದು ಅವರ ಕೆಲಸ. ಅಲ್ಲಿದ್ದಾಗಲೇ, 1905ರಲ್ಲಿ, ಸಾಪೇಕ್ಷತಾ ಸಿದ್ಧಾಂತವನ್ನು ಪ್ರಕಟಿಸಿದರು. ಅದೇ ವರ್ಷ ದ್ಯುತಿವಿದ್ಯುತ್ ಪರಿಣಾಮವನ್ನೂ ವಿವರಿಸಿದರು. ಇದಕ್ಕಾಗಿ ಅವರಿಗೆ 1921ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಒಂದು ದುರಂತ ಸುದ್ದಿ

1920ರ ದಶಕದಲ್ಲಿ ಐನ್‌ಸ್ಟೈನ್ ಬರ್ಲಿನ್‌ನಲ್ಲಿದ್ದರು. ಒಂದು ದಿನ ಪತ್ರಿಕೆಯಲ್ಲಿ ಮನಕಲಕುವ ಸುದ್ದಿ ಬಂತು. ಫ್ರಿಜ್‌ನಿಂದ ಸೋರಿದ ವಿಷಾನಿಲ ಉಸಿರಾಡಿ, ಮಕ್ಕಳೂ ಸೇರಿದಂತೆ ಒಂದು ಕುಟುಂಬವೇ ಮಲಗಿದ್ದಲ್ಲಿ ಸಾವಿಗೀಡಾಗಿತ್ತು. ಐನ್‌ಸ್ಟೈನ್ ಬಹಳ ನೊಂದರು. ಇದಕ್ಕಿಂತ ಸುರಕ್ಷಿತವಾದ ಫ್ರಿಜ್ ಮಾಡಲೇಬೇಕೆಂದು ನಿಶ್ಚಯಿಸಿದರು. ಹಂಗೇರಿಯ ತರುಣ ವಿಜ್ಞಾನಿ ಲಿಯೋ ಸಿಲಾರ್ಡ್ ಅವರ ಜೊತೆಗೂಡಿದರು.

ಫ್ರಿಜ್ ತಂಪಾಗುವುದು ಹೇಗೆ?

ಸೂಜಿಮದ್ದು ಕೊಡುವ ಮೊದಲು ನರ್ಸ್ ನಿಮ್ಮ ತೋಳಿಗೆ ಸ್ಪಿರಿಟ್ ಸವರಿದಾಗ ತಣ್ಣಗಾಗುವುದನ್ನು ಗಮನಿಸಿದ್ದೀರಾ? ಸ್ಪಿರಿಟ್ ಆವಿಯಾಗುವಾಗ ನಿಮ್ಮ ಚರ್ಮದಿಂದ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹೀಗೆಯೇ.

ಫ್ರಿಜ್‌ನ ಕೊಳವೆಗಳಲ್ಲಿಯೂ ಇಂಥ ಒಂದು ದ್ರವವಿದೆ. ಅದಕ್ಕೆ ಶೀತಕ ಎನ್ನುತ್ತಾರೆ. ಅದು ಒಳಗೆ ಆವಿಯಾಗಿ ಹಾಲು, ತರಕಾರಿಗಳ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಎಂಬ ಯಂತ್ರ ಒತ್ತಿ ಹಿಂಭಾಗದ ಕೊಳವೆಗೆ ತಳ್ಳುತ್ತದೆ. ಅಲ್ಲಿ ಆವಿ ಶಾಖವನ್ನು ಹೊರಗೆ ಬಿಟ್ಟು ಮತ್ತೆ ದ್ರವವಾಗುತ್ತದೆ. ಫ್ರಿಜ್‌ನ ಹಿಂಭಾಗ ಬೆಚ್ಚಗಿರುವುದು ಇದರಿಂದಲೇ.

ಆಗಿನ ಶೀತಕಗಳು ಅಮೋನಿಯ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂಥ ವಿಷವಸ್ತುಗಳು. ಕಂಪ್ರೆಸರ್‌ನ ತಿರುಗುವ ಭಾಗಗಳ ಸುತ್ತಲಿನ ಮುದ್ರೆ ಸವೆದರೆ ಅನಿಲ ಸೋರುತ್ತಿತ್ತು. ಫ್ರಿಜ್ ತಂಪು ಮಾಡುವುದನ್ನು ನಿಲ್ಲಿಸುತ್ತಿತ್ತು, ಮನೆಯವರ ಜೀವಕ್ಕೂ ಅಪಾಯ. ಸವೆಯುವ ಭಾಗವೇ ಇಲ್ಲದಿದ್ದರೆ ಸೋರುವ ಭಯವೂ ಇಲ್ಲವಲ್ಲ! ಇದೇ ಐನ್‌ಸ್ಟೈನ್ ಮತ್ತು ಸಿಲಾರ್ಡ್ ಅವರ ಉಪಾಯ.

ಅವರು ಹಲವು ಬಗೆಯ ಫ್ರಿಜ್‌ಗಳನ್ನು ರೂಪಿಸಿದರು. ಒಂದರಲ್ಲಿ ಬ್ಯೂಟೇನ್, ಅಮೋನಿಯ ಮತ್ತು ನೀರು ಮಾತ್ರ. ಶಾಖ ಕೊಟ್ಟರೆ ಸಾಕು, ಅದು ನಡೆಯುತ್ತಿತ್ತು. ಇದಕ್ಕೆ 1930ರ ನವೆಂಬರ್ 11ರಂದು ಅಮೆರಿಕದ ಪೇಟೆಂಟ್ ಸಿಕ್ಕಿತು. ಇನ್ನೊಂದರಲ್ಲಿ, ಮುಚ್ಚಿದ ಉಕ್ಕಿನ ಕೊಳವೆಯೊಳಗಿನ ದ್ರವ ಲೋಹವನ್ನು ಹೊರಗಿನ ವಿದ್ಯುತ್ ಸುರುಳಿಗಳ ಕಾಂತಬಲವೇ ಚಲಿಸುವಂತೆ ಮಾಡುತ್ತಿತ್ತು. ದಿಕ್ಸೂಚಿಯ ಮುಳ್ಳು ನೆನಪಾಯಿತೇ?

ಜರ್ಮನಿಯ ಎಇಜಿ ಕಂಪನಿ 1931ರಲ್ಲಿ ಈ ಪಂಪ್ ಇರುವ ಮಾದರಿಯನ್ನು ನಡೆಸಿ ನೋಡಿತು. ಅದು ತಂಪು ಮಾಡಿತು, ಆದರೆ ಸದ್ದು ವಿಪರೀತ! ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂತು. ಅಮೆರಿಕದಲ್ಲಿ 1930ರಲ್ಲಿ ಫ್ರಿಯಾನ್ ಎಂಬ ವಿಷರಹಿತ ಶೀತಕವೂ ಬಂದಿತ್ತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ. ಯಹೂದಿಗಳಾಗಿದ್ದ ಈ ಇಬ್ಬರೂ ಜರ್ಮನಿಯನ್ನು ತೊರೆಯಬೇಕಾಯಿತು. ಫ್ರಿಜ್ ಮಾರುಕಟ್ಟೆಗೆ ಬರಲೇ ಇಲ್ಲ.

ಹಾಗಾದರೆ ಅವರ ಶ್ರಮ ವ್ಯರ್ಥವಾಯಿತೇ? ಇಲ್ಲ. ಆ ಬಗೆಯ ಪಂಪ್‌ಗಳು ಮುಂದೆ ಪರಮಾಣು ರಿಯಾಕ್ಟರ್‌ಗಳಲ್ಲಿ ದ್ರವ ಸೋಡಿಯಂ ಹರಿಸಲು ಉಪಯೋಗಕ್ಕೆ ಬಂದವು. ಇತ್ತ ಫ್ರಿಯಾನ್‌ನಂಥ ಅನಿಲಗಳು ಓಜೋನ್ ಪದರಕ್ಕೆ ಹಾನಿ ಮಾಡುತ್ತವೆ ಎಂದು 1974ರಲ್ಲಿ ವಿಜ್ಞಾನಿಗಳು ಎಚ್ಚರಿಸಿದರು. ಅವುಗಳನ್ನು ಕಡಿಮೆ ಮಾಡಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಇಂದಿನ ಅನೇಕ ಫ್ರಿಜ್‌ಗಳಲ್ಲಿ ಇರುವುದು ಬ್ಯೂಟೇನ್‌ನ ಬಳಗದ ಐಸೋಬ್ಯೂಟೇನ್!

ಐನ್‌ಸ್ಟೈನ್ 1955ರ ಏಪ್ರಿಲ್ 18ರಂದು ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ನಿಧನರಾದರು.

ನೀವೂ ಕಾರಣ ಹುಡುಕಿ

ನಿಮ್ಮ ಮನೆಯ ಅಥವಾ ಪಕ್ಕದ ಅಂಗಡಿಯ ಫ್ರಿಜ್ ತಂಪಾಗುತ್ತಿಲ್ಲವೇ? ದೊಡ್ಡವರ ಜೊತೆ ನಿಂತು ಒಂದೊಂದಾಗಿ ಗಮನಿಸಿ.

1. ಬಾಗಿಲು ತೆರೆದಾಗ ದೀಪ ಹತ್ತುತ್ತದೆಯೇ? ಇಲ್ಲವಾದರೆ ಮೊದಲು ಪ್ಲಗ್ ಮತ್ತು ವಿದ್ಯುತ್ ಪೂರೈಕೆ ನೋಡಬೇಕು.
2. ಬಾಗಿಲ ನಡುವೆ ಕಾಗದದ ಚೂರಿಟ್ಟು ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲಿನ ರಬ್ಬರ್ ಸಡಿಲವಾಗಿದೆ, ಹೊರಗಿನ ಬಿಸಿ ಗಾಳಿ ಒಳನುಗ್ಗುತ್ತಿದೆ.
3. ಫ್ರಿಜ್ ಗೋಡೆಗೆ ಒತ್ತಿಕೊಂಡಿದೆಯೇ? ಹಿಂದಿನ ಕೊಳವೆಗಳ ಮೇಲೆ ಧೂಳು ಕೂತಿದೆಯೇ? ಹಾಗಿದ್ದರೆ ಶಾಖ ಹೊರಹೋಗಲು ದಾರಿಯಿಲ್ಲ.
4. ಇವೆಲ್ಲ ಸರಿಯಿದ್ದು, ಕಂಪ್ರೆಸರ್ ನಡೆಯುತ್ತಿದ್ದರೂ ತಂಪಿಲ್ಲವೇ? ಶೀತಕ ಸೋರಿರಬಹುದು. ಅದು ಮೆಕ್ಯಾನಿಕ್ ಕೆಲಸ.

ಎಚ್ಚರಿಕೆ: ಪ್ಲಗ್, ವೈರು, ಕಂಪ್ರೆಸರ್ ಮುಟ್ಟಬೇಡಿ. ಐಸ್ ಕೀಳಲು ಚಾಕು ಬಳಸಬೇಡಿ. ಕೊಳವೆ ತೂತಾದರೆ ಶೀತಕ ಸೋರುತ್ತದೆ, ಮತ್ತು ಐಸೋಬ್ಯೂಟೇನ್ ಬೆಂಕಿ ಹತ್ತಿಕೊಳ್ಳುವ ಅನಿಲ.