ನೆರಳಿನ ಪದರ ಬಿಡಿಸಿದ ಜಿ.ಎನ್. ರಾಮಚಂದ್ರನ್

ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಿ ಬೆಳೆದವರಿಗೆ ಈ ಮಾತು ಬೇಗ ತಿಳಿದೀತು. ಸೀರೆಯ ಒಂದೇ ಪದರವನ್ನು ಬೆಳಕಿಗೆ ಹಿಡಿದರೆ ಎಳೆಯ ಗಂಟು ಕಣ್ಣಿಗೆ ಬೀಳುತ್ತದೆ. ಅದನ್ನೇ ಎಂಟು ಮಡಿಕೆ ಮಾಡಿ ಹಿಡಿದರೆ ಗಂಟು ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಗಂಟಿಲ್ಲದ ಕಡೆಯೂ ಗಂಟಿದ್ದಂತೆ ತೋರುತ್ತದೆ. ಸ್ತನದ ಎಕ್ಸ್‌ರೇ ಚಿತ್ರವಾದ ಮ್ಯಾಮೊಗ್ರಾಂ ಓದುವ ವೈದ್ಯರ ಕಷ್ಟವೂ ಇಂಥದೇ. ಮುಚ್ಚಿಹೋದ ಗಡ್ಡೆಯಿಂದ ಒಬ್ಬ ತಾಯಿಯ ಜೀವಕ್ಕೆ ಅಪಾಯ. ಇಲ್ಲದ ಗಡ್ಡೆ ಕಂಡರೆ ಇನ್ನೊಬ್ಬಳಿಗೆ ವಾರಗಟ್ಟಲೆ ಭಯ, ಬೇಡದ ಸೂಜಿ ಪರೀಕ್ಷೆ.

ಈ ಮಡಿಕೆಗಳನ್ನು ಗಣಿತದಿಂದ ಬಿಡಿಸುವ ದಾರಿ ತೋರಿಸಿದವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ಕಲಿತು, ಅಲ್ಲಿಯೇ ಕಲಿಸಿದ ಜಿ.ಎನ್. ರಾಮಚಂದ್ರನ್.

ಅವರು ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ಲೆಕ್ಕದ ರುಚಿ ಮನೆಯಲ್ಲೇ ಹತ್ತಿತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಪದವಿ ಮುಗಿಸಿ 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ. ಸರ್ ಸಿ.ವಿ. ರಾಮನ್ನರು ಈ ಹುಡುಗನ ಬುದ್ಧಿ ಕಂಡು ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಎಳೆದುಕೊಂಡರು. ವಿದ್ಯಾರ್ಥಿಗಳೇ, ಯಾವ ವಿಷಯಕ್ಕೆ ಸೀಟು ಸಿಕ್ಕಿತು ಎಂಬುದರ ಮೇಲೆಯೇ ಬದುಕು ನಿಂತಿದೆ ಎಂದು ಚಿಂತಿಸುವವರು ಇದನ್ನು ಗಮನಿಸಿರಿ.

ಕೇಂಬ್ರಿಜ್‌ನಲ್ಲಿ ಸಂಶೋಧನೆ ಮುಗಿಸಿ ಬಂದ ಅವರು 1952ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ಗೋಪಿನಾಥ ಕರ್ತಾ ಅವರೊಡನೆ ಕೊಲಾಜನ್ ಎಂಬ ಪ್ರೋಟೀನಿನ ರಚನೆಯ ಬೆನ್ನುಹತ್ತಿದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜುಗಳಿಗೆ ಬಲ ಕೊಡುವುದು ಇದೇ. ಮೂರು ಎಳೆಗಳು ಹಗ್ಗದಂತೆ ಹೊಸೆದುಕೊಂಡಿರುತ್ತವೆ ಎಂದು 1954-55ರಲ್ಲಿ ಅವರು ತೋರಿಸಿದರು. 1963ರಲ್ಲಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ‘ರಾಮಚಂದ್ರನ್ ನಕ್ಷೆ’ಯನ್ನು ಇಂದಿಗೂ ಜೀವರಸಾಯನಶಾಸ್ತ್ರದ ವಿದ್ಯಾರ್ಥಿಗಳು ಓದುತ್ತಾರೆ.

ಈ ಕೊಲಾಜನ್ನಿಗೂ ನಮ್ಮ ವಿಷಯಕ್ಕೂ ನಂಟಿದೆ. ಸ್ತನದಲ್ಲಿ ಕೊಬ್ಬು ಕಡಿಮೆ, ಗ್ರಂಥಿ ಮತ್ತು ಕೊಲಾಜನ್ನಿನ ನಾರು ಹೆಚ್ಚು ಇದ್ದರೆ ಮ್ಯಾಮೊಗ್ರಾಂ ಬೆಳ್ಳಗೆ ಬರುತ್ತದೆ. ಗಡ್ಡೆಯೂ ಬಿಳಿ. ಹತ್ತಿಯ ರಾಶಿಯಲ್ಲಿ ಬಿಳಿ ದಾರ ಹುಡುಕಿದಂತೆ! ವಯಸ್ಸು ಕಡಿಮೆಯಿದ್ದಷ್ಟೂ ಈ ದಟ್ಟಣೆ ಸಾಮಾನ್ಯವಾಗಿ ಹೆಚ್ಚು. ನಮ್ಮ ದೇಶದಲ್ಲಿ ಈ ರೋಗ ಪತ್ತೆಯಾಗುವ ಸರಾಸರಿ ವಯಸ್ಸು ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಕಡಿಮೆ. ಆದ್ದರಿಂದ ಈ ತೊಡಕು ನಮಗೆ ದೊಡ್ಡದು.

ರಾಮಚಂದ್ರನ್ ಮದ್ರಾಸ್ ಬಿಟ್ಟು ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಮರಳಿ ಅಣುಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಆಗ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ನಂಟೂ ಇತ್ತು. 1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಒಂದು ಪ್ರಬಂಧ ಪ್ರಕಟಿಸಿದರು. ಒಂದು ವಸ್ತುವಿನ ನೆರಳನ್ನು ಹಲವು ದಿಕ್ಕಿನಿಂದ ಹಿಡಿದರೆ ಒಳಗಿನ ಚಿತ್ರವನ್ನು ಮರಳಿ ಕಟ್ಟಬಹುದು. ಆದರೆ ನೆರಳುಗಳನ್ನು ಸುಮ್ಮನೆ ಒಂದರ ಮೇಲೊಂದು ಕೂಡಿಸಿದರೆ ಚಿತ್ರ ಮಸುಕಾಗುತ್ತದೆ. ಪ್ರತಿ ನೆರಳನ್ನೂ ಮೊದಲು ಒಂದು ಲೆಕ್ಕದ ಜರಡಿಯಲ್ಲಿ ಸೋಸಿ, ಅಂಚುಗಳನ್ನು ಚುರುಕುಗೊಳಿಸಿ, ಬಳಿಕ ಕೂಡಿಸಬೇಕೆಂದು ಅವರು ತೋರಿಸಿದರು. ಇದರಿಂದ ಕಂಪ್ಯೂಟರಿನ ದುಡಿಮೆಯೂ ಬಹಳ ಕಡಿಮೆಯಾಯಿತು. ಇಂಥ ಲೆಕ್ಕದ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಬಗ್ದಾದಿನ ಅಲ್-ಖ್ವಾರಿಜ್ಮಿಯವರ ಹೆಸರಿನಿಂದಲೇ ಆ ಪದ ಬಂದಿದೆ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಅದೇ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ಬಾರಿಗೆ ರೋಗಿಯ ಸಿ.ಟಿ. ಸ್ಕ್ಯಾನ್ ನಡೆಯಿತು. 1979ರಲ್ಲಿ ಸಿ.ಟಿ.ಗಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ನೊಬೆಲ್ ಸಂದಿತು. ರಾಮಚಂದ್ರನ್ನರಿಗೆ ನೊಬೆಲ್ ಬರಲೇ ಇಲ್ಲ. ಕೊಲಾಜನ್ನಿಗಾದರೂ ಬರಬೇಕಿತ್ತೆಂಬುದು ಈ ಲೇಖಕನ ಅಭಿಪ್ರಾಯ.

ಸ್ತನ ಪರೀಕ್ಷೆಗೆ ಈ ವಿಚಾರ ನಿಧಾನವಾಗಿ ಬಂತು. 2011ರಲ್ಲಿ ಅಮೆರಿಕದ ಸರ್ಕಾರ ಟೊಮೊಸಿಂಥಸಿಸ್ ಯಂತ್ರಕ್ಕೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಎಕ್ಸ್‌ರೇ ಕೊಳವೆ ಕಮಾನಿನಂತೆ ಸರಿಯುತ್ತ ಹಲವು ಚಿತ್ರ ತೆಗೆಯುತ್ತದೆ. ಕಂಪ್ಯೂಟರು ಅವುಗಳಿಂದ ತೆಳು ಪದರಗಳನ್ನು ಬಿಡಿಸುತ್ತದೆ. ಸುತ್ತು ಪೂರ್ತಿಯಲ್ಲದ ಕಾರಣ ಸಿ.ಟಿ.ಯಷ್ಟು ಸ್ಪಷ್ಟವಲ್ಲ. ಆದರೂ ಸಾದಾ ಮ್ಯಾಮೊಗ್ರಾಂಗಿಂತ ಹೆಚ್ಚು ಗಡ್ಡೆಗಳು ಇದರಲ್ಲಿ ಸಿಕ್ಕಿವೆ. ನೆರಳು ಸೋಸಿ ಕೂಡಿಸುವ ಆ ಕ್ರಮ ಇಲ್ಲಿಯೂ ಬಳಕೆಗೆ ಬಂತು.

ಜಮಖಂಡಿ, ಮುಧೋಳ, ಬೀಳಗಿಯ ಅಕ್ಕ-ತಂಗಿಯರೇ, ಯಂತ್ರ ಎಷ್ಟೇ ಚುರುಕಾದರೂ ಅದರ ಮುಂದೆ ಬಾರದವರ ಗಡ್ಡೆ ಅದಕ್ಕೆ ಕಾಣದು. ನಾಚಿಕೆಯಿಂದ ತಿಂಗಳುಗಟ್ಟಲೆ ಮುಚ್ಚಿಡುವುದು ನಮ್ಮ ಮನೆಗಳಲ್ಲಿ ಇನ್ನೂ ಉಂಟು. ಮಹಿಳಾ ಸಿಬ್ಬಂದಿಯೇ ಪರೀಕ್ಷಿಸಲಿ ಎಂದು ಕೇಳಲು ಸಂಕೋಚ ಬೇಡ. ಸ್ತನದಲ್ಲಿ ಗಂಟು, ಚರ್ಮದಲ್ಲಿ ಗುಳಿ, ತೊಟ್ಟಿನಿಂದ ರಕ್ತ ಕಂಡರೆ ಶಿಬಿರ ಬರಲೆಂದು ಕಾಯದೆ ವೈದ್ಯರ ಬಳಿ ಹೋಗಿರಿ.

ರಾಮಚಂದ್ರನ್ 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1998ರಲ್ಲಿ ಪತ್ನಿ ರಾಜಲಕ್ಷ್ಮಿ ತೀರಿಕೊಂಡರು. ಅವರ ಆರೋಗ್ಯವೂ ಕುಸಿಯಿತು. 1999ರಲ್ಲಿ ಸ್ಫಟಿಕ ವಿಜ್ಞಾನದ ಎವಾಲ್ಡ್ ಪ್ರಶಸ್ತಿ ಅವರಿಗೆ ಬಂತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ನಿಧನರಾದರು. ಎಂಜಿನಿಯರುಗಳು ಆ ಲೆಕ್ಕದ ಜರಡಿಯನ್ನು ಇಬ್ಬರ ಹೆಸರನ್ನೂ ಕೂಡಿಸಿ ‘ರಾಮ್-ಲ್ಯಾಕ್ ಫಿಲ್ಟರ್’ ಎಂದು ಕರೆಯುತ್ತಾರೆ.