ಪಾರಿವಾಳಗಳಿಗೆ ಪಾಠ ಹೇಳಿದ ಸ್ಕಿನ್ನರ್

ಪಂದ್ಯದ ಪಾರಿವಾಳ ಸಾಕುವವರು ಹಕ್ಕಿಗೆ ಹೊಟ್ಟೆ ತುಂಬ ತಿನ್ನಿಸಿ ಹಾರಿಬಿಡುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಬಿಟ್ಟ ಹಕ್ಕಿ ನಗರದ ಮಹಡಿಯ ಮೇಲಿನ ಗೂಡಿಗೆ ಬೇಗನೆ ಮರಳಬೇಕೆಂದರೆ ಅಲ್ಲಿ ಕಾಳು ಕಾದಿರಬೇಕು. ಸಾಕುವವರು ಅನುಭವದಿಂದ ಅರಿತ ಇಂಥ ಸಂಗತಿಗಳನ್ನು ಪ್ರಯೋಗಶಾಲೆಯ ಶಾಸ್ತ್ರವನ್ನಾಗಿಸಿದವರು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್.

1904ರ ಮಾರ್ಚ್ 20ರಂದು ಪೆನ್ಸಿಲ್ವೇನಿಯಾದ ಸಸ್ಕ್ವೆಹಾನಾ ಎಂಬ ಸಣ್ಣ ಊರಿನಲ್ಲಿ ವಕೀಲರೊಬ್ಬರ ಮಗನಾಗಿ ಜನಿಸಿದ ಅವರಿಗೆ ಸಾಹಿತಿಯಾಗುವ ಹಂಬಲವಿತ್ತು. ಕಾಲೇಜು ಮುಗಿಸಿ ವರ್ಷದಷ್ಟು ಕಾಲ ಹೆತ್ತವರ ಮನೆಯಲ್ಲಿ ಕುಳಿತರೂ ಹೇಳಿಕೊಳ್ಳುವಂಥದ್ದೇನನ್ನೂ ಬರೆಯಲಾಗಲಿಲ್ಲ. ಅದು ಮನೋವಿಜ್ಞಾನದ ಅದೃಷ್ಟವೆನ್ನಬೇಕು. 1931ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದ ಸ್ಕಿನ್ನರ್ ಮೊದಲು ಇಲಿಗಳನ್ನು, ಅನಂತರ ಪಾರಿವಾಳಗಳನ್ನು ಆರಿಸಿಕೊಂಡರು.

ಎರಡನೇ ಮಹಾಯುದ್ಧದ ದಿನಗಳಲ್ಲಿ ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಯೊಂದರ ಮೇಲ್ಮಹಡಿಯಲ್ಲಿ ಅವರು ನಡೆಸಿದ ಕೆಲಸ ಇಂದಿಗೂ ನಂಬಲು ಕಷ್ಟವಾಗುವಂಥದು. ಗುರಿಯ ಚಿತ್ರವನ್ನು ಕುಕ್ಕುತ್ತಲೇ ಬಾಂಬಿಗೆ ದಾರಿ ತೋರುವಂತೆ ಪಾರಿವಾಳಗಳನ್ನು ಪಳಗಿಸಲಾಯಿತು. ಸರಕಾರ 25,000 ಡಾಲರ್ ನೀಡಿತು. 1944ರ ಅಕ್ಟೋಬರ್‌ನಲ್ಲಿ ಕೈಬಿಟ್ಟಿತು. ಯಾವ ಹಕ್ಕಿಯೂ ಯುದ್ಧಕ್ಕೆ ಹೋಗಲಿಲ್ಲ, ಪುಣ್ಯ!

1948ರಲ್ಲಿ ಪ್ರಕಟವಾದ ಪ್ರಯೋಗ ಅವರಿಗೆ ಇನ್ನಷ್ಟು ಹೆಸರು ತಂದಿತು. ಹಸಿದ ಎಂಟು ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ನಿಗದಿತ ಅಂತರದಲ್ಲಿ ಕಾಳು ಸಿಗುತ್ತಿತ್ತು. ಆರು ಹಕ್ಕಿಗಳು ಒಂದೊಂದು ಚೇಷ್ಟೆ ರೂಢಿಸಿಕೊಂಡವು. ಒಂದು ಸುತ್ತು ಹಾಕಿದರೆ ಇನ್ನೊಂದು ಪಂಜರದ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಂದ ಗಳಿಗೆಯಲ್ಲಿ ಆಕಸ್ಮಿಕವಾಗಿ ಮಾಡುತ್ತಿದ್ದ ಕ್ರಿಯೆಯೇ ಗಟ್ಟಿಯಾಯಿತೆಂದ ಸ್ಕಿನ್ನರ್ ಇದನ್ನು ಮನುಷ್ಯರ ಮೂಢನಂಬಿಕೆಗೆ ಹೋಲಿಸಿದರು. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮೆಲ್‌ಹ್ಯಾಗ್ ಮತ್ತೆ ಪರೀಕ್ಷಿಸಿದಾಗ, ಕಾಳಿನ ಹೊತ್ತು ಸಮೀಪಿಸಿದಂತೆ ಹಕ್ಕಿಗಳೆಲ್ಲ ಬಹುತೇಕ ಒಂದೇ ಬಗೆಯಲ್ಲಿ ಕುಕ್ಕತೊಡಗುವುದು ಕಂಡಿತು.

ಹಾಗಾದರೆ ಹಕ್ಕಿ ಕಾಳನ್ನು ನಿರೀಕ್ಷಿಸುತ್ತಿತ್ತೇ? ಸ್ಕಿನ್ನರ್ ಈ ಮಾತನ್ನು ಒಪ್ಪುತ್ತಿರಲಿಲ್ಲ. ಮನಸ್ಸಿನೊಳಗಿನ ನಿರೀಕ್ಷೆಯನ್ನು ವರ್ತನೆಗೆ ಕಾರಣವೆಂದು ಹೇಳುವುದು ವಿವರಣೆಯೇ ಅಲ್ಲವೆಂಬುದು ಅವರ ಹಟ. ಆದರೆ ಅವರು ಹಿಂದೆ ಅಧ್ಯಾಪಕರಾಗಿದ್ದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿಯೇ 1970ರಲ್ಲಿ ಟ್ರಾಪೋಲ್ಡ್ ಇಲಿಗಳ ಮೇಲೆ ಬೇರೆ ದಾರಿಯ ಪ್ರಯೋಗ ನಡೆಸಿದರು. ಅದೇ ದಶಕದಲ್ಲಿ ಪೀಟರ್‌ಸನ್ ಮತ್ತು ಸಂಗಡಿಗರು ಅದನ್ನು ಪಾರಿವಾಳಗಳಿಗೆ ಅನ್ವಯಿಸಿದರು. ಒಂದು ಸಂಕೇತಕ್ಕೆ ಸರಿಯಾದ ಆಯ್ಕೆ ಮಾಡಿದರೆ ಕಾಳು, ಇನ್ನೊಂದಕ್ಕೆ ನೀರು ಎಂದು ಬಹುಮಾನ ಬೇರೆಯಾಗಿದ್ದಾಗ ಹಕ್ಕಿಗಳು ಹೆಚ್ಚು ಚೆನ್ನಾಗಿ ಕಲಿತವು. ಸಂಕೇತ ಮರೆಯಾಗಿ ಕೆಲವು ಕ್ಷಣ ಕಳೆದ ಮೇಲೂ ಸರಿಯಾಗಿ ಆರಿಸಿದವು. ಕಂಡ ಸಂಕೇತ ಮಾಸಿದರೂ ಬರಲಿರುವ ಬಹುಮಾನದ ನಿರೀಕ್ಷೆ ಉಳಿದು ನೆನಪಿಗೆ ಆಸರೆಯಾಗುತ್ತದೆ ಎಂಬುದು ಸಂಶೋಧಕರ ತೀರ್ಮಾನ. ಪಾರಿವಾಳದ ಮೂಲಕವೇ ವಾದ ಹೂಡಿದವರಿಗೆ ಪಾರಿವಾಳವೇ ಎದುರುಸಾಕ್ಷಿ ನುಡಿದಂತಾಯಿತು.

ಸ್ಕಿನ್ನರ್ ಮಾತ್ರ ಕದಲಲಿಲ್ಲ. ರಕ್ತದ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು 1990ರ ಆಗಸ್ಟ್ 10ರಂದು ಬಾಸ್ಟನ್‌ನಲ್ಲಿ ಮನೋವಿಜ್ಞಾನಿಗಳ ಸಭೆಯಲ್ಲಿ ನಿಂತು, ಮನಸ್ಸಿನೊಳಗೆ ಕಾರಣ ಹುಡುಕುವ ಹೊಸ ಪಂಥವನ್ನು ಕಟುವಾಗಿ ಟೀಕಿಸಿದರು. ಎಂಟು ದಿನಗಳ ಬಳಿಕ ತೀರಿಕೊಂಡರು.