ಗೋಧಿ ಹೊಲದ ಲೆಕ್ಕ ಹಿಡಿದ ಜಾನ್ ಬೆನೆಟ್ ಲಾಜ್

ಹೊಲಕ್ಕೆ ಹಾಕಿದ ಸಾರಜನಕವೆಲ್ಲ ಬೆಳೆಗೆ ಸೇರುತ್ತದೆಯೇ? ಈ ಪ್ರಶ್ನೆಗೆ ಒಂದೇ ಹೊಲದಲ್ಲಿ ವರ್ಷಗಟ್ಟಲೆ ಉತ್ತರ ಹುಡುಕಿದವರು ಜಾನ್ ಬೆನೆಟ್ ಲಾಜ್.

ಲಾಜ್ 1814ರ ಡಿಸೆಂಬರ್ 28ರಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನ ಜಮೀನ್ದಾರ ಕುಟುಂಬದಲ್ಲಿ ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಆಕ್ಸ್‌ಫರ್ಡ್‌ನಲ್ಲಿ ಓದಿದರೂ ಪದವಿ ಪಡೆಯಲಿಲ್ಲ. 1834ರಲ್ಲಿ ಊರಿಗೆ ಮರಳಿ ಜಮೀನಿನ ಹೊಣೆ ಹೊತ್ತರು. ಮೂಳೆಪುಡಿ ಕೆಲವು ಹೊಲಗಳಲ್ಲಿ ಫಲ ಕೊಟ್ಟು ಕೆಲವು ಹೊಲಗಳಲ್ಲಿ ವ್ಯರ್ಥವಾಗುವುದು ಅವರ ಗಮನಕ್ಕೆ ಬಂತು. ಫಾಸ್ಫೇಟನ್ನು ಗಂಧಕಾಮ್ಲದೊಂದಿಗೆ ಬೆರೆಸಿ ಗಿಡ ಹೀರಬಲ್ಲ ಸೂಪರ್‌ಫಾಸ್ಫೇಟ್ ತಯಾರಿಸಿ 1842ರಲ್ಲಿ ಪೇಟೆಂಟ್ ಪಡೆದರು. ಲಂಡನ್ನಿನಲ್ಲಿ ಕಾರ್ಖಾನೆ ತೆರೆದರು.

1843ರಲ್ಲಿ ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಅವರ ಜೊತೆ ಸೇರಿದರು. ಅದೇ ವರ್ಷ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಗೋಧಿ ಬಿತ್ತಿದರು. ಹೊಲವನ್ನು ಪಟ್ಟಿಗಳಾಗಿ ವಿಂಗಡಿಸಿ ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ಖನಿಜ ಲವಣ, ಕೆಲವಕ್ಕೆ ಅಮೋನಿಯಂ ಲವಣ ಕೊಟ್ಟರು. ಒಂದಕ್ಕೆ ಏನನ್ನೂ ಹಾಕಲಿಲ್ಲ. ಪ್ರತಿ ಸುಗ್ಗಿಯಲ್ಲೂ ಕಾಳು ಮತ್ತು ಹುಲ್ಲನ್ನು ತೂಗಿ ಬರೆದಿಟ್ಟರು.

ಬೆಳೆಗೆ ಬೇಕಾದ ಸಾರಜನಕ ಗಾಳಿಯಲ್ಲಿರುವ ಅಮೋನಿಯದಿಂದ ದೊರೆಯುತ್ತದೆ, ಖನಿಜಗಳನ್ನು ಕೊಟ್ಟರೆ ಸಾಕು ಎಂಬುದು ಜರ್ಮನಿಯ ಹೆಸರಾಂತ ವಿಜ್ಞಾನಿ ಲೀಬಿಗ್ ಅವರ ವಾದವಾಗಿತ್ತು. ಲಾಜ್ ಅವರ ಹೊಲ ಬೇರೆಯದನ್ನೇ ತೋರಿಸಿತು. ಖನಿಜ ಮಾತ್ರ ಪಡೆದ ಪಟ್ಟಿಗಳಲ್ಲಿ ಇಳುವರಿ ಹೆಚ್ಚೇನೂ ಏರಲಿಲ್ಲ. ಅದರೊಂದಿಗೆ ಅಮೋನಿಯಂ ಲವಣ ಸೇರಿದಲ್ಲಿ ಚೆನ್ನಾಗಿ ಏರಿತು. ಈ ವಿವಾದ ವರ್ಷಗಳ ಕಾಲ ನಡೆಯಿತು.

ವಾದ ಗೆದ್ದೆವೆಂದು ಲಾಜ್ ಸುಮ್ಮನಾಗಲಿಲ್ಲ. ಕೊಟ್ಟ ಸಾರಜನಕದಲ್ಲಿ ಒಂದು ಭಾಗ ಮಾತ್ರ ಕಾಳು, ಹುಲ್ಲಿನಲ್ಲಿ ಸಿಗುತ್ತಿತ್ತು. ಗೊಬ್ಬರದ ಪ್ರಮಾಣ ಹೆಚ್ಚಿಸುತ್ತ ಹೋದಂತೆ ಹೆಚ್ಚುವರಿ ಇಳುವರಿ ಕಡಿಮೆಯಾಗುತ್ತಿತ್ತು. ಹಾಗಾದರೆ ಉಳಿದದ್ದು ಎಲ್ಲಿಗೆ ಹೋಯಿತು? 1849ರಲ್ಲಿ ಪಟ್ಟಿಗಳ ಕೆಳಗೆ ಬಸಿಗಾಲುವೆ ಕೊಳವೆಗಳನ್ನು ಹೂಳಲಾಗಿತ್ತು. 1866ರಿಂದ ಅವುಗಳಿಂದ ಹೊರಬರುವ ನೀರನ್ನು ಸಂಗ್ರಹಿಸಿ ಪರೀಕ್ಷಿಸಿದಾಗ ಅದರಲ್ಲಿ ನೈಟ್ರೇಟ್ ಕಂಡುಬಂತು. ಹೆಚ್ಚು ಗೊಬ್ಬರ ಪಡೆದ ಪಟ್ಟಿಯ ನೀರಿನಲ್ಲಿ ನೈಟ್ರೇಟ್ ಸಹ ಹೆಚ್ಚಿತ್ತು.

ಕಾರಣ ಹೀಗಿದೆ: ಅಮೋನಿಯಂ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುತ್ತದೆ. ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಾಯಿಸಿದ ಮೇಲೆ ಅದು ನೀರಿನೊಂದಿಗೆ ಬಸಿದುಹೋಗುತ್ತದೆ. ಶರತ್ಕಾಲದಲ್ಲಿ ಬಿತ್ತನೆಯ ಹೊತ್ತಿಗೆ ಗೊಬ್ಬರ ಹಾಕಿದರೆ, ಇನ್ನೂ ಎಳೆಯದಾದ ಪೈರು ಅದನ್ನು ಹೀರುವ ಮೊದಲೇ ಚಳಿಗಾಲದ ಮಳೆ ಕೊಚ್ಚಿಕೊಂಡು ಹೋಗುತ್ತಿತ್ತು. ಆದ್ದರಿಂದ 1878ರಿಂದ ಅಮೋನಿಯಂ ಲವಣವನ್ನು ಪೈರು ಚುರುಕಾಗಿ ಬೆಳೆಯುವ ವಸಂತಕಾಲದಲ್ಲಿ ಕೊಡತೊಡಗಿದರು. ಹೋಲಿಕೆಗಾಗಿ ಒಂದು ಪಟ್ಟಿಗೆ ಮಾತ್ರ ಹಳೆಯ ಕ್ರಮವನ್ನೇ ಉಳಿಸಿಕೊಂಡರು.

ಬಸಿನೀರಿನ ಪರೀಕ್ಷೆ ಆರಂಭವಾದಾಗ ಲಾಜ್ ಸ್ವತಃ ಗೊಬ್ಬರದ ಕಾರ್ಖಾನೆಯ ಒಡೆಯರಾಗಿದ್ದರು ಎಂಬುದನ್ನು ಗಮನಿಸಬೇಕು. ಗೊಬ್ಬರ ಮಾರುವವರೇ ಗೊಬ್ಬರ ಪೋಲಾಗುವ ಲೆಕ್ಕವನ್ನೂ ಲೋಕದ ಮುಂದಿಟ್ಟರು. 1872ರಲ್ಲಿ ಗೊಬ್ಬರದ ವ್ಯಾಪಾರವನ್ನು ಮಾರಿದರು. ಪ್ರಯೋಗಗಳು ತಮ್ಮ ನಂತರವೂ ನಡೆಯಲೆಂದು 1889ರಲ್ಲಿ ಒಂದು ಲಕ್ಷ ಪೌಂಡ್‌ಗಳ ನಿಧಿ ಸ್ಥಾಪಿಸಿದರು. 1900ರ ಆಗಸ್ಟ್ 31ರಂದು ನಿಧನರಾದರು. ಬ್ರಾಡ್‌ಬಾಕ್‌ನಲ್ಲಿ ಇಂದಿಗೂ ಗೋಧಿ ಬೆಳೆಯಲಾಗುತ್ತಿದೆ; ಗೊಬ್ಬರವಿಲ್ಲದ ಪಟ್ಟಿಯೂ ಹಾಗೆಯೇ ಇದೆ.

ಎಂಟನೇ ತರಗತಿಯಲ್ಲಿ ಬೆಳೆ ಉತ್ಪಾದನೆಯ ಪಾಠ ಮಾಡುವಾಗ ಈ ಜೀವನಕಥೆ ನೆರವಾಗುತ್ತದೆ. ರಾಗಿಗೆ, ಭತ್ತಕ್ಕೆ ಯೂರಿಯಾವನ್ನು ಒಮ್ಮೆಲೇ ಸುರಿಯದೆ ಕಂತುಗಳಲ್ಲಿ ಮೇಲುಗೊಬ್ಬರವಾಗಿ ಕೊಡುವುದನ್ನು ರೈತರ ಮಕ್ಕಳು ನೋಡಿರುತ್ತಾರೆ. ಹಾಗೇಕೆ ಎಂದು ಮೊದಲು ಅವರನ್ನೇ ಕೇಳೋಣ. ಆಮೇಲೆ ಲಾಜ್ ಅವರ ಹೊಲಕ್ಕೆ ಕರೆದೊಯ್ಯೋಣ.